ಮನೆಯ ಶಾನುಭೋಗ ಬದಲಾದಾಗ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅರ್ಧರಾತ್ರಿಯಲ್ಲಿ ಎಚ್ಚರಗೊಂಡ ಅಜ್ಜಿ ಹಾಸಿಗೆಯಿಂದೆದ್ದು ಬಚ್ಚಲಮನೆಯ ಕಡೆಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನಡುಮನೆಯ ದೀಪ ಮಂದವಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆಕೆ ಮರಳಿ ಮಲಗಿದ ಮೇಲೆ ತಾನಾಗಿಯೇ ಆರುತ್ತದೆ. ಸ್ವಿಚ್ಚಿಗಾಗಿ ಗೋಡೆಯನ್ನು ತಡವಬೇಕಾಗಿಲ್ಲ. ಕತ್ತಲಲ್ಲಿ ಹೊಸ್ತಿಲನ್ನು ಎಡವುವ ಭಯವಿಲ್ಲ. ಗೋಡೆಯ ಮೇಲಿರುವ ಪುಟ್ಟ ಸಂವೇದಕವೊಂದು ಆಕೆಯ ಚಲನೆಯನ್ನು ಗುರುತಿಸಿ ರೇಡಿಯೋ ತರಂಗಗಳ ಮೂಲಕ ಸುದ್ದಿ ಕಳುಹಿಸುತ್ತದೆ. ಕಪಾಟಿನ ಮೇಲೆ ಕುಳಿತಿರುವ ಅಂಗೈಯಗಲದ ನಿಯಂತ್ರಕವು ಆ ಸುದ್ದಿಯನ್ನು ಕೇಳಿ ದೀಪಕ್ಕೆ ಆಜ್ಞೆ ಮಾಡುತ್ತದೆ.

ಆ ನಿಯಂತ್ರಕಕ್ಕೆ ವಯಸ್ಸಾಯಿತೆನ್ನಿ. ಮನೆಯ ಮಗ ಹೆಚ್ಚು ಸಾಮರ್ಥ್ಯವುಳ್ಳ ಹೊಸದೊಂದನ್ನು ತಂದು, ಹಳೆಯದರ ತಂತಿಯನ್ನು ಕಿತ್ತು ಹೊಸದಕ್ಕೆ ಸಿಕ್ಕಿಸುತ್ತಾನೆ. ಅಂದು ರಾತ್ರಿ ಅಜ್ಜಿ ಎದ್ದಾಗ ದೀಪ ಹೊತ್ತುವುದಿಲ್ಲ. ದೀಪ ಕೆಟ್ಟಿಲ್ಲ; ಸಂವೇದಕ ಕೆಟ್ಟಿಲ್ಲ; ಹೊಸ ನಿಯಂತ್ರಕವಂತೂ ಕೆಟ್ಟಿರಲಾರದು. ಹಾಗಾದರೆ ಕೆಟ್ಟುದೇನು?

ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗಿಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ, ಹೊಸಬರು ಚಾವಡಿಯಲ್ಲಿ ಬಂದು ಕುಳಿತ ಮಾತ್ರಕ್ಕೆ ಕೆಲಸ ಸಾಗುತ್ತಿರಲಿಲ್ಲ. ಯಾವ ಹೊಲ ಯಾರದು, ಯಾರ ಕಂದಾಯ ಎಷ್ಟು ಎಂಬುದೆಲ್ಲ ದಫ್ತರದಲ್ಲಿತ್ತು. ದಫ್ತರ ಕೈಸೇರಿದ ಮೇಲೆಯೇ ಅಧಿಕಾರ. ಮನೆಯ ನಿಯಂತ್ರಕವೂ ಇಂಥ ಶಾನುಭೋಗನೇ. ಅದರ ಬಳಿ ಮೂರು ಪುಸ್ತಕಗಳಿವೆ ಎಂದು ಭಾವಿಸಬಹುದು. ಮೊದಲನೆಯದು ಜಾಲಕ್ಕೆ ಸೇರಿದವರ ಪಟ್ಟಿ ಮತ್ತು ಗುಟ್ಟಿನ ಸಂಖ್ಯೆಗಳು, ಎರಡನೆಯದು ಹೆಸರುಗಳು, ಮೂರನೆಯದು ಕಟ್ಟಳೆಗಳು, ಎಂದರೆ ಯಾವಾಗ ಏನು ಮಾಡಬೇಕೆಂಬ ನಿಯಮಗಳು. ನಮ್ಮ ಕಥೆಯಲ್ಲಿ ಪೆಟ್ಟಿಗೆ ಬದಲಾಯಿತು, ದಫ್ತರ ಬದಲಾಗಲಿಲ್ಲ.

ಆದಿಯಲ್ಲಿ ಈ ತೊಡಕು ಇರಲಿಲ್ಲ. ಸ್ಕಾಟ್ಲೆಂಡಿನ ಗ್ಲೆನ್‌ರಾಥೆಸ್ ಪಟ್ಟಣದ ಪಿಕೊ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು 1975ರಲ್ಲಿ ರೂಪಿಸಿದ ಎಕ್ಸ್-10 ಎಂಬ ವಿಧಾನದಲ್ಲಿ, ಮನೆಯ ವಿದ್ಯುತ್ ತಂತಿಗಳ ಮೇಲೆಯೇ ಸೆಕೆಂಡಿಗೆ 1,20,000 ಆವರ್ತಗಳ ಸಂಕೇತವನ್ನು ಹರಿಸುತ್ತಿದ್ದರು. ಪ್ರತಿಯೊಂದು ಉಪಕರಣದ ಮೇಲೂ ಎರಡು ಚಿಕ್ಕ ಬಿಲ್ಲೆಗಳು. ಒಂದರಲ್ಲಿ 16 ಅಕ್ಷರಗಳು, ಇನ್ನೊಂದರಲ್ಲಿ 16 ಅಂಕಿಗಳು. ಇವೆರಡನ್ನು ತಿರುಗಿಸಿ 256 ವಿಳಾಸಗಳಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ವಿಳಾಸವು ದೀಪದ ಬಳಿಯೇ ಇದ್ದುದರಿಂದ ನಿಯಂತ್ರಕವನ್ನು ಎಷ್ಟು ಸಲ ಬದಲಾಯಿಸಿದರೂ ದೀಪಕ್ಕೆ ಅದರ ಪರಿವೆಯೇ ಇರುತ್ತಿರಲಿಲ್ಲ. ಆದರೆ ಗುಟ್ಟೆಂಬುದೂ ಇರಲಿಲ್ಲ. ನೆರೆಮನೆಯವರು ಅದೇ ಅಕ್ಷರವನ್ನು ಆರಿಸಿಕೊಂಡಿದ್ದರೆ, ಅವರು ಒತ್ತಿದ ಗುಂಡಿಗೆ ನಮ್ಮ ದೀಪ ಹೊತ್ತುವ ಸಂಭವವಿತ್ತು.

ರೇಡಿಯೋ ತರಂಗಗಳಿಗೆ ಗೋಡೆಯೂ ಅಡ್ಡಿಯಲ್ಲವಾದ್ದರಿಂದ ಗುಟ್ಟು ಅನಿವಾರ್ಯವಾಯಿತು. ಇಂದು ಬಹಳವಾಗಿ ಬಳಕೆಯಲ್ಲಿರುವ ಜಿಗ್‌ಬೀ ಎಂಬ ಪದ್ಧತಿಯನ್ನೇ ನೋಡೋಣ. ಇದು ಸಾಮಾನ್ಯವಾಗಿ ಸೆಕೆಂಡಿಗೆ 240 ಕೋಟಿಗೂ ಮಿಕ್ಕ ಆವರ್ತಗಳ ತರಂಗಗಳ ಮೇಲೆ ಮಾತನಾಡುತ್ತದೆ. ಜಾಲಕ್ಕೊಂದು ಗುರುತಿನ ಸಂಖ್ಯೆ, ಜೊತೆಗೆ 128 ಬಿಟ್‌ಗಳ ಒಂದು ಗುಪ್ತ ಕೀಲಿ. ಈ ಕೀಲಿಯನ್ನು ಎಷ್ಟು ಬಗೆಯಲ್ಲಿ ರಚಿಸಬಹುದೆಂದು ಲೆಕ್ಕ ಹಾಕಿದರೆ 39 ಅಂಕಿಗಳ ಸಂಖ್ಯೆಯೊಂದು ಬರುತ್ತದೆ. ಊಹಿಸಿ ಕಂಡುಹಿಡಿಯುವ ಮಾತು ದೂರವೇ ಉಳಿಯಿತು. ದೀಪವು ಜಾಲಕ್ಕೆ ಸೇರಿದ ದಿನ ಹಳೆಯ ನಿಯಂತ್ರಕವು ಈ ಕೀಲಿಯನ್ನು ಅದಕ್ಕೆ ಕೊಟ್ಟಿತ್ತು. ಹೊಸ ನಿಯಂತ್ರಕವು ತನ್ನದೇ ಬೇರೆ ಕೀಲಿಯನ್ನು ಹಿಡಿದು ಬಂದಿದೆ. ಅದರ ಮಾತು ದೀಪಕ್ಕೆ ಬರಿಯ ಗದ್ದಲ.

ಹಾಗಾದರೆ ಹಳೆಯ ಕೀಲಿಯನ್ನು ಹೊಸದಕ್ಕೆ ನಕಲು ಮಾಡಿದರೆ ಸಾಕಲ್ಲವೆ? ಸಾಲದು. ಇಲ್ಲಿ ಒಂದು ಸ್ವಾರಸ್ಯವಿದೆ. ಕಳ್ಳನೊಬ್ಬನು “ದೀಪ ಆರಿಸು” ಎಂಬ ಸಂದೇಶವನ್ನು ಅರ್ಥ ತಿಳಿಯದೆಯೇ ಮುದ್ರಿಸಿಕೊಂಡು ಮತ್ತೊಮ್ಮೆ ಪ್ರಸಾರ ಮಾಡಿದರೇನು ಗತಿ? ಇದನ್ನು ತಡೆಯಲು ಪ್ರತಿಯೊಂದು ಸಂದೇಶಕ್ಕೂ ಏರುತ್ತಲೇ ಹೋಗುವ ಕ್ರಮಸಂಖ್ಯೆಯೊಂದನ್ನು ಹಚ್ಚಲಾಗುತ್ತದೆ. ತಾನು ಕೊನೆಗೆ ಕೇಳಿದ ಸಂಖ್ಯೆಯನ್ನು ದೀಪವು ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನದು ಬಂದರೆ ಮಾತ್ರ ಒಪ್ಪುತ್ತದೆ. ಹಳೆಯ ನಿಯಂತ್ರಕವು ಐದು ಲಕ್ಷದವರೆಗೆ ಎಣಿಸಿದ್ದು, ಅದರ ಹೆಸರಿನಲ್ಲಿ ಬಂದ ಹೊಸದು ಒಂದರಿಂದ ಆರಂಭಿಸಿದರೆ, ದೀಪವು ಅದನ್ನು ಕಳ್ಳನೆಂದೇ ತಿಳಿದು ಕಿವಿ ಮುಚ್ಚಿಕೊಳ್ಳುತ್ತದೆ. ಆದುದರಿಂದ ದಫ್ತರವನ್ನು ಸಾಗಿಸುವ ತಂತ್ರಾಂಶಗಳು ಜಾಲದ ಗುರುತು, ಕೀಲಿ, ಹಳೆಯ ನಿಯಂತ್ರಕದ 64 ಬಿಟ್‌ಗಳ ವಿಳಾಸ ಇವುಗಳ ಜೊತೆಗೆ ಈ ಎಣಿಕೆಯನ್ನೂ ಒಯ್ದು, ಅದನ್ನು ಕೊಂಚ ಮುಂದಕ್ಕೆ ತಳ್ಳಿ ಬರೆಯುತ್ತವೆ. ಹೀಗೆ ನಕಲಾದ ಮೇಲೆ ಹಳೆಯದನ್ನು ಮತ್ತೆ ಹೊತ್ತಿಸಲೇಬಾರದು. ಒಂದೇ ಹೆಸರಿನ ಇಬ್ಬರು ಶಾನುಭೋಗರು ಒಂದೇ ಊರಿನಲ್ಲಿ ಆಳಿದರೆ ಆಗುವ ಗೊಂದಲವೇ ಆಗುತ್ತದೆ.

ಝೀ-ವೇವ್ ಎಂಬ ಇನ್ನೊಂದು ಪದ್ಧತಿಯ ಆಚಾರವೇ ಬೇರೆ. ಅಲ್ಲಿ ಜಾಲಕ್ಕೆ 32 ಬಿಟ್‌ಗಳ ಮನೆತನದ ಸಂಖ್ಯೆಯಿದ್ದು, ಅದು ನಿಯಂತ್ರಕದ ಒಡಲಲ್ಲಿರುತ್ತದೆ. ಸಾಮಾನ್ಯ ಜಾಲವೊಂದರಲ್ಲಿ 232 ಸದಸ್ಯರಿಗೆ ಸ್ಥಳ. ಒಮ್ಮೆ ಒಂದು ಮನೆತನಕ್ಕೆ ಸೇರಿದ ಸ್ವಿಚ್ಚು ಅಲ್ಲಿಂದ ಬಿಡುಗಡೆ ಪಡೆಯದೆ ಇನ್ನೊಂದಕ್ಕೆ ಸೇರುವುದಿಲ್ಲ. ಆದರೆ ಈ ಬಿಡುಗಡೆಯನ್ನು ಯಾವ ನಿಯಂತ್ರಕವಾದರೂ ಕೊಡಬಹುದೆಂಬುದು ಸಮಾಧಾನದ ಸಂಗತಿ. ಹಳೆಯ ಪೆಟ್ಟಿಗೆ ಸತ್ತೇ ಹೋಗಿದ್ದರೂ ಹೊಸದರಿಂದಲೇ ಬಿಡುಗಡೆ ಮಾಡಿಸಿ, ಅನಂತರ ಹೊಸದಾಗಿ ಸೇರಿಸಿಕೊಳ್ಳಬಹುದು. ಹಳೆಯದರ ಸಂಖ್ಯೆಯನ್ನು ಹೊಸದಕ್ಕೆ ಸಾಗಿಸಲಾಗದಿದ್ದಲ್ಲಿ, ಕೋಣೆ ಕೋಣೆಗೆ ಹೋಗಿ ಒಂದೊಂದರ ಗುಂಡಿಯನ್ನೂ ಒತ್ತದೆ ಗತ್ಯಂತರವಿಲ್ಲ.

ಇನ್ನು ಹೆಸರುಗಳು ಮತ್ತು ಕಟ್ಟಳೆಗಳ ವಿಚಾರ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬವರು ಆರಂಭಿಸಿದ, ಎಲ್ಲರಿಗೂ ಮುಕ್ತವಾದ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶದಲ್ಲಿ ಬೇರೆ ಬೇರೆ ತಯಾರಕರ ಉಪಕರಣಗಳೊಡನೆ ಮಾತನಾಡಲು ‘ಇಂಟಿಗ್ರೇಷನ್’ ಎಂಬ ದುಭಾಷಿಗಳಿವೆ. ದುಭಾಷಿಗಳು ತಂದ ಸುದ್ದಿಗೆಲ್ಲ ಒಂದೊಂದು ಹೆಸರು. ಕಟ್ಟಳೆಗಳು ಆ ಹೆಸರನ್ನೇ ನಂಬಿ ನಡೆಯುತ್ತವೆ. “ನಡುಮನೆಯ ದೀಪ” ಎಂದು ಹಳೆಯ ಕಟ್ಟಳೆಯಲ್ಲಿದ್ದು, ಹೊಸ ಪೆಟ್ಟಿಗೆಯಲ್ಲಿ ಅದೇ ದೀಪ “ದೀಪ 3” ಎಂದು ನೋಂದಾಯಿತವಾದರೆ, ಜಾಲವು ಸರಿಯಾಗಿದ್ದರೂ ದೀಪ ಹೊತ್ತುವುದಿಲ್ಲ. ಇದು ಅತ್ಯಂತ ಅಪಾಯಕರವಾದ ದೋಷ. ಏಕೆಂದರೆ ಇದು ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹೊಸ ನೋಂದಣಿಗೆ ಹಳೆಯ ಹೆಸರನ್ನೇ ಅಕ್ಷರಶಃ ಕೊಡುವುದು ಇದಕ್ಕೆ ಮದ್ದು.

ಕೆಲವು ದುಭಾಷಿಗಳು ಮನೆಯೊಳಗೆ ಮಾತನಾಡದೆ, ದೂರದಲ್ಲಿರುವ ತಯಾರಕರ ಗಣಕಗಳನ್ನು ಕೇಳಿ ಉತ್ತರ ತರುತ್ತವೆ. ಇವುಗಳ ಸ್ಥಳಾಂತರ ಸುಲಭ. ಗುಪ್ತಪದವನ್ನು ಮತ್ತೊಮ್ಮೆ ಕೊಟ್ಟರಾಯಿತು. ಆದರೆ ಆಗ ದಫ್ತರವು ಮನೆಯವರ ಕೈಯಲ್ಲಿಲ್ಲವೆಂಬುದನ್ನು ಮರೆಯಬಾರದು. ಅಮೆರಿಕದಲ್ಲಿ ರಿವಾಲ್ವ್ ಎಂಬ ನಿಯಂತ್ರಕವನ್ನು ಮಾರುತ್ತಿದ್ದ ಸಂಸ್ಥೆಯನ್ನು ನೆಸ್ಟ್ ಎಂಬ ಸಂಸ್ಥೆ 2014ರಲ್ಲಿ ಕೊಂಡುಕೊಂಡಿತು. 2016ರ ಮೇ 15ರಂದು ದೂರದ ಗಣಕಸೇವೆ ನಿಂತಿತು. ಒಳಗಿನ ರೇಡಿಯೋಗಳು ಗಟ್ಟಿಯಾಗಿದ್ದರೂ ಆ ಪೆಟ್ಟಿಗೆಗಳು ಅಂದಿನಿಂದ ನಿರುಪಯುಕ್ತವಾದುವು.

2022ರಲ್ಲಿ ಹೊರಬಂದ ಮ್ಯಾಟರ್ ಎಂಬ ಮಾನಕವು ಈ ತೊಡಕಿಗೆ ಒಂದು ಪರಿಹಾರವನ್ನು ಒದಗಿಸಿದೆ. ಅದರ ಪ್ರಕಾರ ಒಂದು ದೀಪವು ಕನಿಷ್ಠ 5 ಜಾಲಗಳಿಗೆ ಏಕಕಾಲದಲ್ಲಿ ಸೇರಿರಬಹುದು. ಹಳೆಯ ಒಡೆಯನು ಇರುವಾಗಲೇ ಹೊಸಬನು ಬಂದು ಪರಿಚಯ ಮಾಡಿಕೊಳ್ಳಬಹುದು. ಆದರೂ ಕಟ್ಟಳೆಗಳ ಪುಸ್ತಕವನ್ನು ಮ್ಯಾಟರ್ ಸಾಗಿಸುವುದಿಲ್ಲ. ಅಜ್ಜಿ ಎಷ್ಟು ಗಂಟೆಗೆ ಏಳುತ್ತಾಳೆ, ಆಕೆಯ ಕಣ್ಣಿಗೆ ಎಷ್ಟು ಬೆಳಕು ಹಿತ ಎಂಬುದು ಯಾವ ತಯಾರಕನಿಗೂ ತಿಳಿಯದು. ಮನೆಯವರೇ ಬರೆದುದು ಅದು.

ಆದುದರಿಂದ ಹಳೆಯದನ್ನು ಕೀಳುವ ಮುನ್ನ ಮೂರು ಪುಸ್ತಕಗಳಿಗೂ ಪ್ರತಿ ತೆಗೆದು, ಕಟ್ಟಳೆಗಳನ್ನು ಕಾಗದದ ಮೇಲೂ ಬರೆದಿಡುವುದು ಜಾಣತನ. ಕೀಲಿಯನ್ನು ನಕಲು ಮಾಡದೆ ಒಂದೊಂದನ್ನೇ ಹೊಸದಾಗಿ ಸೇರಿಸುವುದಾದರೆ, ಎರಡು ನಿಯಂತ್ರಕಗಳನ್ನೂ ಕೆಲವು ದಿನ ಜೊತೆಯಲ್ಲೇ ನಡೆಸಿ, ಕೋಣೆಗೊಂದು ದಿನದಂತೆ ಸಾಗಿಸಬಹುದು. ಸದಾ ವಿದ್ಯುತ್ತಿರುವ ಉಪಕರಣಗಳು ಇತರರ ಸಂದೇಶಗಳನ್ನು ಮುಂದಕ್ಕೆ ದಾಟಿಸುವುದರಿಂದ ಅವು ಮೊದಲು. ಬ್ಯಾಟರಿಯ ಮೇಲೆ ನಿದ್ರಿಸುವ ಸಂವೇದಕಗಳು ಅನಂತರ. ಯಂತ್ರಗಳೆಲ್ಲ ಮೂಕವಾದರೂ ಗೋಡೆಯ ಸ್ವಿಚ್ಚು ಕೈಗೆ ಸಿಕ್ಕಿ ಕೆಲಸ ಮಾಡುವಂತಿರಬೇಕು.

ಎಲ್ಲ ಮುಗಿದ ಮೇಲೆ ಪರೀಕ್ಷೆಯೊಂದು ಉಳಿಯುತ್ತದೆ. ಮಗನು ಆ ರಾತ್ರಿ ನಿದ್ದೆಗೆಟ್ಟು, ಅಜ್ಜಿ ಏಳುವ ಹೊತ್ತಿಗೆ ಮುಂಚೆ ತಾನೇ ಆ ಹಾಸಿಗೆಯ ಬಳಿಯಿಂದ ಕತ್ತಲಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಲಿ. ದೀಪ ಹೊತ್ತಿದರೆ ದಫ್ತರ ಕೈಸೇರಿತೆಂದು ತಿಳಿಯಬಹುದು.