ಮಾರ್ಕೆಟ್ ದಿನದ ಗುಳಿಗೆ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರ್ಕೆಟ್. ಸೀಸನ್ನಿನಲ್ಲಿ ಹಮಾಲರ ಬೆನ್ನಿಗೆ ಬಿಡುವಿಲ್ಲ. ಹೆಣ್ಣುಮಕ್ಕಳು ಬೆಳಗಿನಿಂದ ಕಾಲು ಮಡಚಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಸಂಜೆ ಔಷಧ ಅಂಗಡಿಯ ಮುಂದೆ ಕೇಳುವ ಮಾತು ಒಂದೇ: "ಅಣ್ಣಾರ, ಅವತ್ತ ಕೊಟ್ಟಿದ್ರಲ್ಲ ಸೊಂಟನೋವಿಂದು, ಅದ ಗುಳಿಗಿ ಕೊಡ್ರಿ." ಡಾಕ್ಟರು ಐದು ದಿನಕ್ಕೆಂದು ಬರೆದ ಗುಳಿಗೆ ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ರಾಣೆಬೆನ್ನೂರಿನ ಹೊಲಗಳಲ್ಲೂ ಹಾವೇರಿಯ ಕಟ್ಟಡ ಕೆಲಸದಲ್ಲೂ ದುಡಿಯುವ ಮೈಗೆ ಇದೇ ದಾರಿ.

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪಾದನೆಯನ್ನು ತಡೆಯುತ್ತವೆ. ಆಸ್ಪಿರಿನ್ ಕೆಲಸ ಮಾಡುವುದೂ ಹೀಗೆಯೇ ಎಂದು 1971ರಲ್ಲಿ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ನೋವು, ಬಾವು ತರುವ ಈ ರಾಸಾಯನಿಕವೇ ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತದೆ. ಅದು ಇಲ್ಲವಾದರೆ ಹುಣ್ಣಾಗುತ್ತದೆ, ರಕ್ತ ಒಸರುತ್ತದೆ. ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನನಗೆ ಹೆಚ್ಚು ಭಯ ಮೂತ್ರಪಿಂಡದ್ದು. ಬಿಸಿಲಲ್ಲಿ ಬೆವರು ಸುರಿದು ಮೈಯ ನೀರು ಇಳಿದಾಗ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ತೆರೆದಿಡುವುದು ಇದೇ ಪ್ರೊಸ್ಟಗ್ಲಾಂಡಿನ್. ಅಂಥ ಹೊತ್ತಿನಲ್ಲೇ ಗುಳಿಗೆ ನುಂಗಿದರೆ ನಾಳ ಬಿಗಿಯುತ್ತದೆ, ರಕ್ತ ಕಡಿಮೆಯಾಗುತ್ತದೆ. ಬಿ.ಪಿ.ಯ ಕೆಲವು ಮಾತ್ರೆಗಳ ಜೊತೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ, ಅಪಾಯ ಇನ್ನೂ ದೊಡ್ಡದು. ಇಷ್ಟೆಲ್ಲ ಆದರೂ ಮೂತ್ರಪಿಂಡ ನೋಯುವುದಿಲ್ಲ. ಅದರ ಶಕ್ತಿ ಸುಮಾರು ಅರ್ಧ ಕುಗ್ಗುವವರೆಗೆ, ಅದರ ಕೆಲಸ ಅಳೆಯಲು ನೋಡುವ ರಕ್ತದ ಕ್ರಿಯಾಟಿನಿನ್ ಕೂಡ ಸರಿಯಾಗಿಯೇ ಕಾಣಬಹುದು.

ದುಡಿಮೆಗಾಗಿ ನೋವಿನ ಔಷಧ ನುಂಗಿ ಇಡೀ ಊರೇ ಕೆಟ್ಟ ಉದಾಹರಣೆ ಸ್ವೀಡನ್ನಿನ ಹಸ್ಕ್ವಾರ್ನಾದ್ದು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಲ್ಲಿಯ ವೈದ್ಯ ಯೋರ್ಟನ್ ಕೊಟ್ಟ ಪುಡಿಯನ್ನು ಕಾರ್ಖಾನೆಯ ಕೆಲಸಗಾರರು ಜ್ವರ ಹೋದ ಮೇಲೂ ಬಿಡಲಿಲ್ಲ. ಚುರುಕಾಗಿ ದುಡಿಯಬಹುದೆಂದು ದಿನವೂ ತಿಂದರು, ಒಬ್ಬರಿಗೊಬ್ಬರು ಉಡುಗೊರೆಯಾಗಿಯೂ ಕೊಟ್ಟರು. ದಶಕಗಳ ನಂತರ ಆ ಊರಲ್ಲಿ ಮೂತ್ರಪಿಂಡದ ಸಾವುಗಳು ಏರಿದವು. ಪುಡಿಯಲ್ಲಿದ್ದ ಫಿನಾಸೆಟಿನ್ ಎಂಬ ನೋವಿನ ಔಷಧ ಭಾರತದಲ್ಲಿ 1983ರಲ್ಲಿ ನಿಷೇಧವಾಯಿತು. ಇಂದಿನ ಗುಳಿಗೆಗಳ ರಸಾಯನ ಬೇರೆ, ಆದರೆ ದಿನಗೂಲಿ ತಪ್ಪಬಾರದೆಂದು ನುಂಗುವ ಒತ್ತಡ ಅದೇ. ಅದಕ್ಕೇ ಕೂಲಿಯವರನ್ನು ಬೈದು ಪ್ರಯೋಜನವಿಲ್ಲ. ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು, ನಡುವೆ ಬಿಡುವು ಕೊಡುವುದೂ ಚಿಕಿತ್ಸೆಯೇ.

ನೋವಿಗೇ ಕೊಡುವ ಇನ್ನೊಂದು ಗುಳಿಗೆ ಟ್ರಮಡಾಲ್‌ನ ಸಂಗತಿ ಬೇರೆ. ಅದು ಅಫೀಮಿನ ಬಳಗದಂತೆ ಮಿದುಳಿನ ಮೇಲೆ ಕೆಲಸ ಮಾಡಿ ಚಟ ಹಿಡಿಸುತ್ತದೆ, ಪ್ರಮಾಣ ಮೀರಿದರೆ ಫಿಟ್ಸ್ ಬರಬಹುದು. 2018ರಲ್ಲಿ ಅದನ್ನು ಮಾದಕವಸ್ತು ಕಾಯ್ದೆಯಡಿ ತಂದದ್ದು ಇದಕ್ಕೇ. ಬಹಳ ದಿನ ತಿಂದವರು ಅದನ್ನು ಒಮ್ಮೆಲೇ ಬಿಡಬಾರದು. ವೈದ್ಯರ ನಿಗಾದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಯಾವ ಗುಳಿಗೆಯಾದರೂ ತಿಂಗಳುಗಟ್ಟಲೆ ತಿಂದಿದ್ದರೆ ಖಾಲಿ ಸ್ಟ್ರಿಪ್ ಕೈಯಲ್ಲಿ ಹಿಡಿದೇ ಡಾಕ್ಟರ ಹತ್ತಿರ ಹೋಗಿ, ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.