ಜರಿಯ ಹೊಳಪಿನ ಒಳಗುಟ್ಟು

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದವರಿಗೆ ವಿದ್ಯುತ್ ಮಗ್ಗಗಳ ಸದ್ದು ಹೊಸದಲ್ಲ. ಅಲ್ಲಿ ನೇಯುವ ಸೀರೆಗಳ ಅಂಚಿನಲ್ಲಿಯೂ ಸೆರಗಿನಲ್ಲಿಯೂ ಮಿನುಗುವ ಜರಿಯನ್ನು ನಾವು ಚಿನ್ನದ ಎಳೆಯೆಂದೇ ಕರೆಯುವುದುಂಟು. ಆದರೆ ಅಪ್ಪಟ ಜರಿಯಲ್ಲಿಯೂ ಚಿನ್ನವಿರುವುದು ಬಲು ತೆಳುವಾದ ಹೊದಿಕೆಯಾಗಿ ಮಾತ್ರ. ಅದರ ಕೆಳಗೆ, ನೂಲಿಗೆ ಸುತ್ತಿದ ಚಪ್ಪಟೆಯಾದ ಬೆಳ್ಳಿಯ ತಂತಿಯಿದೆ. ಅಗ್ಗದ ಬಗೆಯಲ್ಲಿ ಬೆಳ್ಳಿಯೂ ಲೇಪವೇ, ಒಳಗಿರುವುದು ತಾಮ್ರ. (ಈಚಿನ ಪ್ಲಾಸ್ಟಿಕ್ ಜರಿಯ ಮಾತು ಇಲ್ಲಿ ಬೇಡ.) ಸೂರತ್ತಿನಂಥ ಊರುಗಳಲ್ಲಿ ಈ ಲೇಪನಕಾರ್ಯ ನಡೆಯುವುದು ವಿದ್ಯುತ್ತಿನ ನೆರವಿನಿಂದ. ಲೋಹದ ಲವಣವುಳ್ಳ ದ್ರಾವಣದಲ್ಲಿ ತಂತಿಯನ್ನು ಋಣವಿದ್ಯುದಗ್ರವನ್ನಾಗಿ ಮಾಡಿ ಪ್ರವಾಹವನ್ನು ಹರಿಸಿದರೆ ಲೋಹವು ಅದರ ಮೇಲೆ ಬಂದು ಕೂಡುತ್ತದೆ.

ಹೀಗೆ ಕೂಡಿದ ಬೆಳ್ಳಿ ತಾನಾಗಿಯೇ ಹೊಳೆಯುವುದೆಂದು ಓದುಗರು ಭಾವಿಸಬಾರದು. ಬರಿಯ ದ್ರಾವಣದಿಂದ ಬರುವುದು ಸುಣ್ಣದಂತೆ ಮಂಕಾದ ಬಿಳುಪು. 1840ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೇಣದ ಅಚ್ಚುಗಳಿಗೆ, ಇಂಗಾಲ ಮತ್ತು ಗಂಧಕಗಳ ಸಂಯುಕ್ತವಾದ ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿಸಿದ ರಂಜಕವನ್ನು ಬಳಿದು, ಅವುಗಳನ್ನು ಬೆಳ್ಳಿಯ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಆ ಬಳಿಕ ಅದೇ ತೊಟ್ಟಿಗಿಳಿದ ಬೇರೆ ಪಾತ್ರೆಗಳ ಮೇಲೆ ಅಲ್ಲಲ್ಲಿ ಕನ್ನಡಿಯಂಥ ಹೊಳಪು ಮೂಡುತ್ತಿತ್ತು! ಇದನ್ನು ಗಮನಿಸಿದ ಮಿಲ್ವರ್ಡ್ ಎಂಬಾತ, ಹೊಳಪಿನ ಕಾರಣ ಆ ದ್ರವದ ಲೇಶವೇ ಎಂದು ಕಂಡುಕೊಂಡನು. 1847ರಲ್ಲಿ ಅದಕ್ಕೆ ಹಕ್ಕುಪತ್ರವೂ ದೊರೆಯಿತು.

ಇದರಲ್ಲಿ ಒಂದು ಸೋಜಿಗವಿದೆ. ಪೆಟ್ಟಿಗೆಯಲ್ಲಿಟ್ಟ ಜರಿಯನ್ನು ಕಪ್ಪಾಗಿಸುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳೇ. ಬೆಳ್ಳಿಯ ಈ ಹಗೆಯು ತೊಟ್ಟಿಯಲ್ಲಿ ಅದರ ಬಂಧುವಾದುದು ಹೇಗೆ?

ಉತ್ತರವಿರುವುದು ಅಧಿಶೋಷಣೆಯಲ್ಲಿ. ಬಟ್ಟೆ ನೀರನ್ನು ಹೀರುವಂತೆ ಇಲ್ಲಿ ಒಳಕ್ಕೆ ಏನೂ ಹೋಗುವುದಿಲ್ಲ. ದ್ರಾವಣದ ಅಣುಗಳು ಲೋಹದ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ, ಅಷ್ಟೆ. ನಮ್ಮ ಕೈಗೆ ನಯವೆನಿಸುವ ತಂತಿಯ ಮೇಲೂ ಅಣುವಿನ ಲೆಕ್ಕದಲ್ಲಿ ಬೆಟ್ಟಗಳಿವೆ, ಕಣಿವೆಗಳಿವೆ. ದ್ರಾವಣದೊಳಕ್ಕೆ ಚಾಚಿದ ಶಿಖರಗಳಿಗೆ ಎಲ್ಲವೂ ಬೇಗ ಬಂದು ಮುಟ್ಟುವುದರಿಂದ ಲೋಹವು ಅಲ್ಲಿಯೇ ಹೆಚ್ಚಾಗಿ ಕೂಡಿ, ಉಬ್ಬು ಇನ್ನೂ ಉಬ್ಬುತ್ತದೆ. ಆದರೆ ತೊಟ್ಟಿಯಲ್ಲಿ ತಕ್ಕ ಸಾವಯವ ಅಣುಗಳು ಚೂರು ಇದ್ದರೆ, ಶಿಖರಗಳನ್ನು ಮೊದಲು ಆಕ್ರಮಿಸುವವರು ಅವರೇ. ದಾರಿ ಕಟ್ಟಿದ ಲೋಹವು ಕಣಿವೆಗಳಿಗಿಳಿದು ಅವನ್ನು ತುಂಬುತ್ತದೆ. ಮೇಲ್ಮೈ ಸಮನಾಗುತ್ತದೆ, ಬೆಳಕು ಚೆದರದೆ ಮರಳುತ್ತದೆ. ನಿಕ್ಕಲ್ ಲೇಪನದಲ್ಲಿ ಹೊಳಪಿಗಾಗಿ ಬೆರೆಸುವ ಪದಾರ್ಥಗಳಲ್ಲಿ ಸಕ್ಕರೆಗೆ ಬದಲಾಗಿ ಬಳಸುವ ಸ್ಯಾಕರೀನ್ ಕೂಡ ಒಂದೆಂದರೆ ಹಲವರು ನಂಬಲಾರರು.

ಆದರೆ ಅಣುವಿಗೆ ಅಲ್ಲಿ ಸ್ಥಳ ಸುಲಭವಾಗಿ ಸಿಕ್ಕುವುದಿಲ್ಲ. ವಿದ್ಯುದಗ್ರವು ನೀರಿನಲ್ಲಿರುವುದರಿಂದ ಅದರ ಮೇಲೆ ನೀರಿನ ಅಣುಗಳು ಆಗಲೇ ಒತ್ತೊತ್ತಾಗಿ ಕುಳಿತಿರುತ್ತವೆ. ಸಂತೆಯ ದಿನದ ಬಸ್ಸಿನಂತೆ, ಒಬ್ಬ ದಢೂತಿ ಮನುಷ್ಯ ಕೂರಬೇಕಾದರೆ ಇಬ್ಬರು ಮೂವರು ಏಳಬೇಕು. ಏಳುವರೋ ಇಲ್ಲವೋ ಎಂಬುದನ್ನು ಲೋಹದ ಮೇಲಿನ ವಿದ್ಯುದಾವೇಶವು ಬಹುಮಟ್ಟಿಗೆ ನಿರ್ಧರಿಸುತ್ತದೆ. ನೀರಿನ ಅಣುವಿಗೆ ಧನ ಮತ್ತು ಋಣವಾದ ಎರಡು ತುದಿಗಳಿವೆ. ಆವೇಶವು ಪ್ರಬಲವಾಗಿದ್ದರೆ, ಅದು ಯಾವ ಬಗೆಯದಾದರೂ ನೀರು ತಕ್ಕ ತುದಿಯನ್ನು ತಿರುಗಿಸಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆವೇಶವು ಸೊನ್ನೆಗೆ ಸಮೀಪವಾದಾಗ ಹಿಡಿತ ಸಡಿಲಿ, ತಟಸ್ಥವಾದ ಸಾವಯವ ಅಣುವಿಗೆ ಎಡೆ ದೊರೆಯುತ್ತದೆ. ಪಾದರಸದ ವಿದ್ಯುದಗ್ರವನ್ನು ಆಧಾರವಾಗಿಟ್ಟುಕೊಂಡು ರಷ್ಯದ ಫ್ರುಮ್‌ಕಿನ್ 1926ರಲ್ಲಿ ಇದಕ್ಕೊಂದು ಸಿದ್ಧಾಂತವನ್ನು ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಕೆ. ರಂಗರಾಜನ್ ಅವರು ಇಂಥ ಮೇಲ್ಮೈಗಳ ಗಣಿತವನ್ನು ಬೆಳೆಸಿದವರಲ್ಲಿ ಪ್ರಮುಖರು.

ಇಷ್ಟಾದರೂ ಆ ಒಂದೇ ಪದರದ ಅಣುಗಳನ್ನು ಅವು ಇದ್ದಲ್ಲಿಯೇ ಗುರುತಿಸುವುದು ಕಷ್ಟವಾಗಿತ್ತು. ನೆರವಿಗೆ ಬಂದುದು, 1948ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನಾಲಯವನ್ನು ತೆರೆದ ಸಿ. ವಿ. ರಾಮನ್ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮ. ಅಣುವಿನಿಂದ ಚೆದರಿದ ಬೆಳಕಿನ ಒಂದು ಅಲ್ಪಾಂಶದ ಬಣ್ಣ ಬದಲಾಗುತ್ತದೆ; ಆ ಬದಲಾವಣೆಯೇ ಅಣುವಿನ ಗುರುತು. ಒಂದು ಪದರದಿಂದ ಬರುವ ಈ ಬೆಳಕು ಕಾಣಲಾರದಷ್ಟು ಕ್ಷೀಣವೆಂದೇ ಎಲ್ಲರೂ ನಂಬಿದ್ದರು. ಆದರೆ 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್ವಿಲನ್ ಎಂಬ ಮೂವರು ಬೆಳ್ಳಿಯ ವಿದ್ಯುದಗ್ರವನ್ನು ತರಿತರಿಯಾಗಿಸಿ, ಅದಕ್ಕಂಟಿದ ಪಿರಿಡೀನ್ ಎಂಬ ಸಾವಯವ ಪದಾರ್ಥದ ಗುರುತನ್ನು ಸ್ಪಷ್ಟವಾಗಿ ಕಂಡರು. ಮೇಲ್ಮೈ ವಿಸ್ತಾರವಾದುದೇ ಕಾರಣವೆಂದು ಅವರು ಎಣಿಸಿದರು. ಅದಷ್ಟೇ ಅಲ್ಲ, ಅಂಥ ಬೆಳ್ಳಿಯು ಆ ಬೆಳಕನ್ನೇ ಲಕ್ಷಗಟ್ಟಲೆ ಪಟ್ಟು ಹೆಚ್ಚಿಸುತ್ತದೆಂದು 1977ರಲ್ಲಿ ಬೇರೆಯವರು ತೋರಿಸಿದರು.

ತೊಟ್ಟಿಯ ಮುಂದೆ ನಿಂತ ಕೆಲಸಗಾರನಿಗೆ ಮುಖ್ಯವಾದುದು ಅಳತೆ. ಹೊಳಪು ಕೊಡುವ ಪದಾರ್ಥ ಹೆಚ್ಚಾದರೆ ಆ ಅಣುಗಳು, ಇಲ್ಲವೆ ಅವುಗಳ ಚೂರುಗಳು, ಏಳುವ ಮೊದಲೇ ಲೋಹದಡಿಯಲ್ಲಿ ಹೂತುಹೋಗುತ್ತವೆ. ಲೇಪವು ಬಿರುಸಾಗುತ್ತದೆ. ಬಾಗಿಲಿನ ಹಿಡಿಕೆಗೆ ಅದರಿಂದ ಹೆಚ್ಚು ಕೇಡಿಲ್ಲ. ಬಾಗುತ್ತ ಬಳುಕುತ್ತ ಬಾಳಬೇಕಾದ ತಂತಿಯಲ್ಲಿ ಬಿರುಕು ಬಿಡುತ್ತದೆ.

ಇನ್ನು ಕಪ್ಪಾಗುವ ಕಾಟ. ತಲೆಯಲ್ಲಿ ಗಂಧಕವನ್ನೂ ಬೆನ್ನಿಗೆ ಉದ್ದನೆಯ ಇಂಗಾಲದ ಬಾಲವನ್ನೂ ಹೊತ್ತ ಥಯಾಲ್ ಅಣುಗಳು ಬೆಳ್ಳಿ ಚಿನ್ನಗಳ ಮೇಲೆ ಪೈರಿನಂತೆ ಒತ್ತಾಗಿ ನಿಲ್ಲುತ್ತವೆ. ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಎರಡು ಭಾಗ. ಚಿನ್ನದ ವಿದ್ಯುದಗ್ರದ ಮೇಲೆ ಇಂಥ ಪದರಗಳನ್ನು ಬೆಳೆಸಿ, ಅವುಗಳಲ್ಲಿ ಉಳಿದ ಸೂಕ್ಷ್ಮ ರಂಧ್ರಗಳನ್ನು ವಿದ್ಯುತ್ತಿನಿಂದಲೇ ಪರೀಕ್ಷಿಸುವ ಕೆಲಸ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ನಡೆದಿದೆ. ರಂಧ್ರಗಳಿಲ್ಲದಿದ್ದರೆ ಗಂಧಕದ ಅನಿಲವು ಬೆಳ್ಳಿಯನ್ನು ಮುಟ್ಟುವುದು ಕಷ್ಟ. ಆದರೆ ಗಾಳಿಬೆಳಕಿಗೆ ಪದರವೂ ಕಾಲಕ್ರಮದಲ್ಲಿ ಸವೆಯುತ್ತದೆ. ಹಾಗಾದ ಮೇಲೆ ಬೆಳ್ಳಿ ಮೊದಲಿನಂತೆಯೇ ಕಪ್ಪಾಗತೊಡಗುತ್ತದೆ.