ಚಿಂತೆಯೂ ಚಿಕಿತ್ಸೆಯೂ

ಚಿಂತೆಗೂ ಚಿತೆಗೂ ಒಂದು ಬಿಂದುವಷ್ಟೇ ಭೇದವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಎಲ್ಲ ಚಿಂತೆಯೂ ಚಿತೆಯಲ್ಲ. ಮಗಳ ವಿವಾಹ, ಮಗನ ಪರೀಕ್ಷೆ, ಸಾಲದ ವಾಯಿದೆ, ಮೇಲಧಿಕಾರಿಯ ತನಿಖೆ ಮೊದಲಾದವು ಸಮೀಪಿಸಿದಾಗ ಗೃಹಸ್ಥನ ಮನಸ್ಸು ಕಳವಳಗೊಳ್ಳುವುದು ಸ್ವಾಭಾವಿಕವೇ ಸರಿ. ಆ ಕಳವಳವು ಅವನನ್ನು ಕಾರ್ಯಕ್ಕೆ ಪ್ರೇರಿಸಿ, ಕಾರ್ಯವು ಮುಗಿದೊಡನೆ ತಾನೂ ಅಡಗುತ್ತದೆ. ಅಡಗದೆ ನಿಂತ ಚಿಂತೆಯ ವಿಚಾರವೇ ಬೇರೆ.

ಅದರ ಲಕ್ಷಣಗಳನ್ನು ಅರಿಯುವುದು ಕಠಿನವಲ್ಲ. ಒಂದು ಕಾರಣವು ತೀರಿದರೆ ಇನ್ನೊಂದನ್ನು ಹಿಡಿದು ಚಿಂತೆಯು ಕಾಡುವುದು, ನಿದ್ರಾಭಂಗ, ಮೈಬಿಗಿತ, ಆಯಾಸ, ಸಿಡುಕು, ಚಿತ್ತದ ಚಾಂಚಲ್ಯ, ಇವು 6 ತಿಂಗಳ ಕಾಲ ಬಹುತೇಕ ದಿನಗಳಲ್ಲಿ ಕಂಡುಬಂದು ಬಾಳಿಗೆ ತೊಡಕಾದರೆ ವೈದ್ಯಶಾಸ್ತ್ರವು ಅದನ್ನು ವ್ಯಾಧಿಯೆಂದೇ ಎಣಿಸುತ್ತದೆ. ಆದರೆ ಅಷ್ಟು ಕಾಲ ಕಾದಿರಬೇಕೆಂದು ಇದರ ಅರ್ಥವಲ್ಲ. ಕಚೇರಿಯ ಕಾಗದಗಳು ಮೇಜಿನ ಮೇಲೆಯೇ ಉಳಿಯತೊಡಗಿದರೆ, ಬಂಧುಮಿತ್ರರ ಸಂಗವು ಬೇಡವಾದರೆ, ನಿದ್ರೆಗಾಗಿ ಮದ್ಯವನ್ನೋ ಗುಳಿಗೆಯನ್ನೋ ಆಶ್ರಯಿಸುವಂತಾದರೆ ಕಾಲವು ಒದಗಿತೆಂದು ತಿಳಿಯಬೇಕು. ಪ್ರಾಣತ್ಯಾಗದ ಆಲೋಚನೆಯು ಸುಳಿದಲ್ಲಿ ಒಂದು ದಿನದ ವಿಳಂಬವೂ ಸಲ್ಲದು.

ಕೆಲವರಿಗೆ ಹಠಾತ್ತನೆ ಎದೆ ಡವಗುಟ್ಟಿ, ಉಸಿರು ಸಿಕ್ಕಿಕೊಂಡು, ಈಗಲೇ ಜೀವವು ಹೋದೀತೆಂಬ ಭೀತಿಯುಂಟಾಗಿ, ಕೆಲವು ನಿಮಿಷಗಳಲ್ಲಿಯೇ ಉತ್ಕಟಾವಸ್ಥೆಗೇರಿ ಇಳಿಯುವುದುಂಟು. ಹೃದ್ರೋಗವೂ ಥೈರಾಯ್ಡ್ ಗ್ರಂಥಿಯ ದೋಷವೂ ಇಂಥದೇ ವೇಷವನ್ನು ಧರಿಸಬಲ್ಲವಾದ್ದರಿಂದ ಮೊದಲು ಸಾಮಾನ್ಯ ವೈದ್ಯರ ಪರೀಕ್ಷೆಯು ಅವಶ್ಯ. ಎದೆನೋವನ್ನು ಬರಿಯ ಮನಸ್ಸಿನ ಭ್ರಮೆಯೆಂದು ತಾನಾಗಿ ತಳ್ಳಿಹಾಕುವುದು ಅವಿವೇಕ.

ಚಿಕಿತ್ಸೆ ಇಲ್ಲದಿಲ್ಲ. ಆಲೋಚನೆಯ ಮತ್ತು ಆಚರಣೆಯ ಕ್ರಮವನ್ನು ತಿದ್ದುವ ಸಮಾಲೋಚನೆಯಿದೆ. ಕೆಲವು ವಾರಗಳಲ್ಲಿ ಗುಣತೋರುವ ಔಷಧಗಳೂ ಇವೆ. ಹೀಗಿದ್ದೂ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ ನಾನಾ ಮನೋವ್ಯಾಧಿಗಳಲ್ಲಿ ಚಿಕಿತ್ಸೆ ದೊರೆಯದವರು ನೂರಕ್ಕೆ 70ರಿಂದ 92ರವರೆಗೆ ಇದ್ದರು. ಇದಕ್ಕೆ ವೈದ್ಯರ ಕೊರತೆಯಷ್ಟೇ ನಮ್ಮ ಲಜ್ಜೆಯೂ ಕಾರಣ. ಬೆಂಗಳೂರಿನ ಚಿಕಿತ್ಸಾಲಯವು ಹುಚ್ಚರ ಆಲಯವೆಂಬ ಹೆಸರನ್ನು ಕಳಚಿ ಮಾನಸಿಕ ಆಸ್ಪತ್ರೆಯಾದುದು 1925ರಲ್ಲಿ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಜನರ ನಾಲಗೆಯು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಜ್ವರಕ್ಕೆ ಔಷಧ ಕುಡಿಯುವವನು ಹೇಡಿಯಲ್ಲವಾದರೆ ಮನೋವ್ಯಥೆಗೆ ವೈದ್ಯನನ್ನು ಕಾಣುವವನು ಹೇಗೆ ಹೇಡಿಯಾದಾನು?

2017ರ ಮಾನಸಿಕ ಆರೋಗ್ಯ ಶಾಸನವು ಇಂಥ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ಈ ಕಾರ್ಯಕ್ಕೆ ಸಜ್ಜುಗೊಳಿಸಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟುದು ನಮ್ಮ ಬಳ್ಳಾರಿ ಜಿಲ್ಲೆ. ಆ ಕೀರ್ತಿಗೆ ತಕ್ಕಂತೆ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಈ ನೆರವು ಸುಲಭವಾಗಿ ಲಭಿಸುವಂತೆ ಮಾಡುವುದು ಸರಕಾರದ ಹೊಣೆ. ನೊಂದವರನ್ನು ಹೀಯಾಳಿಸದೆ ಕೈಹಿಡಿದು ಕರೆದೊಯ್ಯುವುದು ನಮ್ಮೆಲ್ಲರ ಹೊಣೆ. ಪ್ರಜೆಗಳ ಮನಸ್ಸು ಕುಗ್ಗಿದ ನಾಡು ತಲೆಯೆತ್ತಿ ನಿಲ್ಲಲಾರದು.